ಹಿಂಡು ಎಲ್ಲಿದೆ ಎಂದು ಹೇಳುವ ಆದೆಮ್ಮ

ರಾಯಚೂರಿನ ಗಂಜು ಪೇಟೆಯ ಶಂಭುಲಿಂಗಪ್ಪನ ಹೆಸರು ಎತ್ತಿದರೆ ಸಾಕು, ಆದೆಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಅರ್ಧಕ್ಕೇ ಉಗುಳಿಬಿಡುತ್ತಿದ್ದಳು. ಅಂಥ ಮನುಷ್ಯನ ಹೆಸರು ಕೇಳಿದ ಮೇಲೆ ಎಲೆ ಕಹಿಯಾಗುತ್ತದೆ ಎನ್ನುವುದು ಅವಳ ವಾದ. ವಾದದಲ್ಲಿ ಅವಳನ್ನು ಗೆದ್ದವರು ಮಾನ್ವಿ ಬಸ್ ನಿಲ್ದಾಣದಲ್ಲಿ ಆ ಕಾಲಕ್ಕೆ ಯಾರೂ ಇರಲಿಲ್ಲ. ಇದ್ದಿದ್ದರೆ ಅವಳು ಅವರನ್ನು ಅಲ್ಲಿ ಇರಗೊಡುತ್ತಲೂ ಇರಲಿಲ್ಲ.

ಅವಳು ಕೂರುತ್ತಿದ್ದುದು ನಿಲ್ದಾಣದ ಎದುರಿನ ಬೇವಿನ ಗಿಡದ ಕೆಳಗೆ, ನಬೀಸಾಬನ ಸೈಕಲ್ ಅಂಗಡಿಗೆ ಅಂಟಿಕೊಂಡು. ಮುಂದೆ ಹುರಿದ ಶೇಂಗಾದ ಬುಟ್ಟಿ, ಕೈಯಲ್ಲಿ ಉಣ್ಣೆ ನೂಲುವ ಕದಿರು. ಶೇಂಗಾ ಕೊಳ್ಳಲು ಬಂದವರಿಗಿಂತ ಕೇಳಲು ಬಂದವರೇ ಹೆಚ್ಚು. 'ಯವ್ವಾ, ಯಾಪಲದಿನ್ನಿ ಹನುಮಂತ್ರಾಯನ ಹಿಂಡು ಎಲ್ಲದ?' ಎಂದು ಒಬ್ಬ ಬಸ್ಸಿನಿಂದ ಇಳಿದು ಕೇಳಿದರೆ, ಆದೆಮ್ಮ ಕದಿರು ನಿಲ್ಲಿಸದೆ, ಯಾವ ಊರಿನ ಯಾವ ಗೌಡನ ಹೊಲ, ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು, ಹಳ್ಳ ದಾಟಬೇಕೋ ಬೇಡವೋ ಎಲ್ಲ ಹೇಳಿ ಕಳಿಸುತ್ತಿದ್ದಳು. ಸಾವಿರದ ಒಂಬೈನೂರ ಎಂಬತ್ತರ ಆಚೆಗೆ ಆ ಸೀಮೆಯಲ್ಲಿ ಕುರಿಯವರನ್ನು ಹುಡುಕಿಕೊಂಡು ಬಂದವರಿಗೆ ಇದು ದಿನನಿತ್ಯದ ಮಾತಾಯಿತು. ಆದರೆ ಆ ಬೇವಿನ ಗಿಡದ ನೆರಳು ಅವಳಿಗೆ ಯಾರೂ ಸುಮ್ಮನೆ ಬಿಟ್ಟುಕೊಟ್ಟದ್ದಲ್ಲ. ಸಿಟ್ಟಿನಿಂದ ಗೆದ್ದುಕೊಂಡದ್ದು.

ಆದೆಮ್ಮ ಹುಟ್ಟಿದ್ದು ಕಲ್ಮಲದಲ್ಲಿ, ಕೊಟ್ಟದ್ದು ಯಾಪಲದಿನ್ನಿಗೆ. ತವರೂ ಕುರಿಯವರದು, ಗಂಡನ ಮನೆಯೂ ಕುರಿಯವರದು. ಸುಗ್ಗಿ ಮುಗಿದು ಹೊಲಗಳು ಬರಿದಾದವೆಂದರೆ ಯಾಪಲದಿನ್ನಿಯ ಹಿಂಡುಗಳೆಲ್ಲ ಪಡುವಣಕ್ಕೆ ಮುಖ ಮಾಡುತ್ತಿದ್ದವು. ರಾಯಚೂರು ದಾಟಿ, ಮಾನ್ವಿ ದೇವದುರ್ಗದ ಸೀಮೆಯಲ್ಲಿ ಹೊಲದಿಂದ ಹೊಲಕ್ಕೆ ಮೇಯುತ್ತ ಹೋಗಿ, ಕಾರಹುಣ್ಣಿಮೆಯ ಹೊತ್ತಿಗೆ ತಿರುಗಿ ಊರು ಸೇರುತ್ತಿದ್ದವು. ಹಿಂಡು ರಾತ್ರಿ ಒಂದು ಹೊಲದಲ್ಲಿ ಮಲಗಿತೆಂದರೆ ಹಿಕ್ಕೆ ಬಿದ್ದು ಆ ಹೊಲಕ್ಕೆ ಗೊಬ್ಬರ. ಹಾಗಾಗಿ ರೈತರು ಕರೆದು ನಿಲ್ಲಿಸಿಕೊಳ್ಳುತ್ತಿದ್ದರು, ಜೋಳ ಕೊಡುತ್ತಿದ್ದರು. ಮದುವೆಯಾದ ವರ್ಷದಿಂದ ಆದೆಮ್ಮ ಹೀಗೆ ಹಿಂಡಿನ ಹಿಂದೆ ನಡೆದವಳು, ತಲೆಯ ಮೇಲೆ ಗಂಟು, ಬಗಲಲ್ಲಿ ಹಸಿ ಮರಿ.

ಒಂದು ವರ್ಷ ಮಾನ್ವಿಯ ಹತ್ತಿರ ಮರಿಗಳನ್ನು ಕಾಲುವೆ ದಾಟಿಸುವಾಗ ದಂಡೆ ಜಾರಿ ಬಿದ್ದಳು. ಮುರಿದ ಮೊಣಕಾಲು ಕೂಡಿಸಿದವನು ಸೊಟ್ಟಗೆ ಕೂಡಿಸಿದ. ಹಿಂಡಿನ ನಡಿಗೆಗೆ ಸರಿಗಟ್ಟಲು ಆಗದೆ ಹೋದಾಗ ಗಂಡ ಬೂದೆಪ್ಪ ಅವಳನ್ನು ಮಾನ್ವಿಯಲ್ಲಿ ದೂರದ ನೆಂಟರ ಮನೆಯಲ್ಲಿ ಬಿಟ್ಟು ಮುಂದೆ ಹೋದ. ಬೇರೆ ದಾರಿ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಒಂದು ತಿಂಗಳು ಅವನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. 'ಕುಂಟ ಕುರಿನಾದ್ರೂ ಹೆಗಲ ಮ್ಯಾಲ ಹೊತ್ಕೊಂಡ್ ಹೋಗ್ತಾರ' ಎಂದು ನಬೀಸಾಬನ ಮುಂದೆ ಗೊಣಗಿದಳು. ಆಮೇಲೆ ಶೇಂಗಾದ ಬುಟ್ಟಿ ಇಟ್ಟಳು. ಸಂತೆಗೆ ಉಪ್ಪು, ಜೋಳ ಒಯ್ಯಲು ಬಂದ ಕುರಿಯವರೆಲ್ಲ ಅವಳ ಹತ್ತಿರ ಕೂತು, ಒಂದು ಬೊಗಸೆ ಶೇಂಗಾ ತಿಂದು, ತಮ್ಮ ಹಿಂಡು ಎಲ್ಲಿದೆ, ಇನ್ನು ಎಲ್ಲಿಗೆ ಹೋಗುತ್ತದೆ ಎಂದು ಹೇಳಿ ಹೋಗುತ್ತಿದ್ದರು. ಕೇಳಿಸಿಕೊಳ್ಳುವುದು ಅವಳಿಗೆ ಹೊತ್ತು ಕಳೆಯುವ ದಾರಿಯಾಗಿತ್ತು ಅಷ್ಟೆ.

ಈಗ ಶಂಭುಲಿಂಗಪ್ಪನ ವಿಷಯಕ್ಕೆ ಬರೋಣ. ರಾಯಚೂರಿನ ಗಂಜಿನಲ್ಲಿ ಅವನದು ದಲಾಲಿ ಅಂಗಡಿ. ಗಾದಿ, ದಿಂಬು, ದಿಂಬಿನ ಪಕ್ಕದಲ್ಲಿ ಕರಿ ಟೆಲಿಫೋನು. ಉಣ್ಣೆ ಕೊಳ್ಳುತ್ತಿದ್ದ, ಕುರಿ ಕೊಳ್ಳುತ್ತಿದ್ದ. ಜೊತೆಗೆ ಇನ್ನೊಂದು ಕೆಲಸವನ್ನು ಯಾರೂ ಕೊಡದಿದ್ದರೂ ತಾನೇ ವಹಿಸಿಕೊಂಡಿದ್ದ. ಯಾವ ಹಿಂಡು ಯಾವ ಹೊಲದಲ್ಲಿ ನಿಲ್ಲಬೇಕು ಎಂದು ಹೇಳಿ ಕಳಿಸುವವನು ಅವನು. ಹೊಲದವರು ಅವನ ಹತ್ತಿರ ಬರಬೇಕು, ಕುರಿಯವರೂ ಅವನಿಗೆ ತಿಳಿಸಬೇಕು. ಯಾಪಲದಿನ್ನಿಗೆ ಯಾರಾದರೂ ಬಂದು ಇಂಥವನ ಹಿಂಡು ಈಗ ಎಲ್ಲಿದೆ ಎಂದರೆ, ಊರ ಹಿರಿಯ ಮುದುಕಪ್ಪ ಕೂತಲ್ಲಿಂದಲೇ ಕೈ ಬೀಸಿ, 'ಗಂಜಿಗೆ ಹೋಗ್ರಿ, ಶಂಭುಲಿಂಗಪ್ಪ ಸಾವ್ಕಾರ್ರನ್ನ ಕೇಳ್ರಿ' ಎನ್ನುತ್ತಿದ್ದ. ನಿಜಾಮರ ಕಾಲದಲ್ಲಿ ಶಂಭುಲಿಂಗಪ್ಪನ ಅಪ್ಪನನ್ನು ಕೇಳಿ ಎನ್ನುತ್ತಿದ್ದರಂತೆ. ನಿಜಾಮ ಹೋದ, ಅಪ್ಪ ಹೋದ, ಈ ಮಾತು ಮಾತ್ರ ಹೋಗಿರಲಿಲ್ಲ. ಹಿಂಡು ಇವರದು, ಹೆಸರು ಇವರದು. ಅದು ಎಲ್ಲಿದೆ ಎಂದು ಹೇಳುವ ಬಾಯಿ ಮಾತ್ರ ಅವನದು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಒಬ್ಬನಿಗಾದರೂ ಅನ್ನಿಸಬೇಡವೇ?

ಅನ್ನಿಸಿದ್ದು ಎಪ್ಪತ್ತೇಳರಲ್ಲಿ, ಶಿವರಾತ್ರಿ ಕಳೆದ ಮೇಲೆ. ಬೂದೆಪ್ಪನ ತಾಯಿ ಅಯ್ಯಮ್ಮ ಯಾಪಲದಿನ್ನಿಯಲ್ಲಿ ತೀರಿಕೊಂಡಳು. ಒಬ್ಬನೇ ಮಗ. ಸುದ್ದಿ ಮುಟ್ಟಿಸಲು ಅಣ್ಣತಮ್ಮಕೆಯ ಹನುಮಂತ್ರಾಯ ಓಡಿದ. ಎಲ್ಲಿಗೆ ಓಡುತ್ತಾನೆ? ಗಂಜಿಗೆ. ಶಂಭುಲಿಂಗಪ್ಪ 'ಅಯ್ಯೋ ಪಾಪ' ಎಂದ. 'ನೀ ಯಾಕ ಬಿಸಲಾಗ ಅಲದಾಡ್ತಿ, ನಾ ಹೇಳಿ ಕಳಸ್ತೀನಿ, ನೀ ಮಣ್ಣಿನ ವ್ಯವಸ್ಥಾ ನೋಡ್ಕ ಹೋಗು' ಎಂದ. ಹನುಮಂತ್ರಾಯ ನಂಬಿ ತಿರುಗಿದ. ಊರವರು ಸಂಜೆತನಕ ಕಾದರು, ಮರುದಿನ ಮಧ್ಯಾಹ್ನತನಕ ಕಾದರು. ಬೇಸಿಗೆ ಕಾಲದ ಹೆಣ, ಎಷ್ಟೆಂದು ಕಾಯುತ್ತಾರೆ. ಮಗ ಇಲ್ಲದೆಯೇ ಮಣ್ಣು ಮಾಡಿದರು.

ಬೂದೆಪ್ಪ ಆಗ ಇದ್ದದ್ದು ಮಸರಕಲ್ಲಿನಲ್ಲಿ, ರಸ್ತೆ ಬದಿಯ ಹೊಲದಲ್ಲಿ. ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದ್ದರೆ ಹನುಮಂತ್ರಾಯ ಅವನ ಕುರಿಗಳ ಮುಂದೆಯೇ ಇಳಿಯುತ್ತಿದ್ದ. ತಾಯಿಯ ಮೂರನೆಯ ದಿನವೂ ಕಳೆದು, ಯಾವುದೋ ಮದುವೆಗೆ ಹೊರಟಿದ್ದ ನೆಂಟನೊಬ್ಬ ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದಾಗ ಅವನಿಗೆ ಗೊತ್ತಾಯಿತು. ಆದೆಮ್ಮನಿಗೆ ಗೊತ್ತಾದದ್ದು ಅದಕ್ಕೂ ಆಮೇಲೆ. ಹಿಂಡು ಮಸರಕಲ್ಲಿನಲ್ಲಿ ಇದೆ ಎಂದು ಹಿಂದಿನ ಸಂತೆಯಲ್ಲೇ ಗಂಡ ಅವಳಿಗೆ ಹೇಳಿ ಹೋಗಿದ್ದ. ಅವಳು ಬಲ್ಲಳು. ಅವಳನ್ನು ಯಾರೂ ಕೇಳಲಿಲ್ಲ.

ಅವಳು ಬುಟ್ಟಿಯನ್ನು ನಬೀಸಾಬನಿಗೆ ಒಪ್ಪಿಸಿ, ಸೊಟ್ಟ ಕಾಲು ಎಳೆದುಕೊಂಡು ಬಸ್ಸು ಹತ್ತಿ ಗಂಜಿಗೆ ಹೋದಳು. ಗಾದಿಯ ಮುಂದೆ ನಿಂತು ಕೇಳಿದಳು.

'ಸಾವ್ಕಾರ್ರ, ನಮ್ಮತ್ತಿ ಸತ್ತ ಸುದ್ದಿ ನಿಮಗ ಯಾವಾಗ ಮುಟ್ಟಿತು?'

'ಅವತ್ತ ಮುಟ್ಟೇತಿ. ಹನುಮಂತ್ರಾಯ ಬಂದಿದ್ದನಲ್ಲ.'

'ಮತ್ತ ನಮ್ಮೋರಿಗೆ ಯಾಕ ಮುಟ್ಟಲಿಲ್ಲ?'

ಇಲ್ಲಿ ಅವನು ಸುಳ್ಳು ಹೇಳಬಹುದಿತ್ತು. ಆಳು ಮರೆತ ಎನ್ನಬಹುದಿತ್ತು, ಬಸ್ಸು ಕೆಟ್ಟಿತ್ತು ಎನ್ನಬಹುದಿತ್ತು. ಸುಳ್ಳು ಹೇಳುವಷ್ಟು ಮರ್ಯಾದೆಯನ್ನೂ ಅವಳಿಗೆ ಕೊಡಲಿಲ್ಲ. 'ಸತ್ತಾಕಿ ಸತ್ತಾಳ. ನಾ ಸುದ್ದಿ ಕೊಟ್ಟಿದ್ರ ಎದ್ದು ಕುಂದರ್ತಿದ್ಳೇನಬೇ? ಮಸರಕಲ್‌ದಾಗ ಅದು ನಮ್ಮ ಬೀಗರ ಹೊಲ. ಇನ್ನಾ ಅರ್ಧನೂ ಆಗಿದ್ದಿಲ್ಲ. ನಿನ್ನ ಗಂಡ ಎದ್ದು ಹೋಗಿದ್ರ ಉಳದದ್ದಕ್ಕ ಯಾರು ಹೊಣಿ?' ಎಂದು ಹೇಳಿ ಟೆಲಿಫೋನು ಎತ್ತಿಕೊಂಡ.

ಆದೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೊಲಕ್ಕೆ ಹಿಕ್ಕೆ ಸಾಲದೆಂದು ಒಬ್ಬ ಮಗನನ್ನು ತಾಯಿಯ ಹೆಣದಿಂದ ದೂರ ಇಟ್ಟವನು, ದಿಂಬಿಗೆ ಒರಗಿ ಫೋನಿನಲ್ಲಿ ನಗುತ್ತಿದ್ದ. ಅವಳು ಏನೇನು ಬೈದಳೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಳುಗಳು ಬಂದು ಹೊರಗೆ ಕಳಿಸಿದರು.

ಬೂದೆಪ್ಪ ಸಾಧು ಮನುಷ್ಯ. ಸಿಟ್ಟು ಬಂದರೆ ಮಾತು ನಿಂತುಹೋಗುವ ಜಾತಿ. 'ಹೋಗ್ಲಿ ಬಿಡು. ದೊಡ್ಡೋರ ಜೋಡಿ ನಮಗ್ಯಾಕ' ಎಂದ. ಅಳಲೂ ಇಲ್ಲ. ತಾಯಿ ಸತ್ತದ್ದು ಕೇಳಿದಾಗಿನಿಂದ ಅವನ ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅಳುವ ಹೊತ್ತು ಅವನಿಲ್ಲದೆಯೇ ಕಳೆದುಹೋಗಿತ್ತು. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. 'ಬಿಡಂಗಿಲ್ಲ ನಾನು. ನಮ್ಮ ಹಿಂಡು ಎಲ್ಲಿ ಅದಾವಂತ ಅವನ ಬಾಯಿಂದ ಯಾಕ ಬರಬೇಕ್ರೀ? ನಮಗ ಬಾಯಿಲ್ಲೇನು?' ಎಂದಳು.

ಆ ಕಾರಹುಣ್ಣಿಮೆಗೆ ಹಿಂಡುಗಳು ಊರಿಗೆ ಬಂದಾಗ ಮುದುಕಪ್ಪನ ಮುಂದೆ ಹೋಗಿ ಕೂತಳು. 'ತಾತ, ಇನ್ನ ಮ್ಯಾಲ ಯಾರರ ಬಂದು ಕೇಳಿದ್ರ ನನ್ನ ಹೆಸರು ಹೇಳು. ಹಿಂಡಿನ ಸುದ್ದಿ ಎಲ್ಲಾ ನನ್ನ ಹಂತ್ಯಾಕ ಅದ' ಎಂದಳು. ಮುದುಕಪ್ಪ ಒಳ್ಳೆಯವನೇ. ಆದರೆ ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಿದರೆ ತಪ್ಪಾಗಲಾರದು ಎಂದು ನಂಬಿದವನು. ಅವಳ ಕಾಟ ತಪ್ಪಿದರೆ ಸಾಕೆಂದು 'ಆಯ್ತವ್ವಾ, ನಿನ್ನ ಹೆಸರೂ ಹೇಳ್ತೀನಿ ಬಿಡು' ಎಂದ.

ಹೇಳಿದ. ಹೇಗೆ ಹೇಳಿದ ಎಂಬುದನ್ನು ಕೇಳಿ. ಮುಂದಿನ ಸುಗ್ಗಿಯ ಮೇಲೆ ಒಬ್ಬ ಬಂದು ಹನುಮಂತ್ರಾಯನ ಹಿಂಡು ಎಲ್ಲಿದೆ ಎಂದ. ಮುದುಕಪ್ಪ, 'ಆದೆಮ್ಮನ್ನ ಕೇಳು' ಎಂದ. 'ಆದೆಮ್ಮ ಎಲ್ಲಿರ್ತಾಳ್ರೀ?' ಎಂದು ಬಂದವನು ಕೇಳಿದ. ಮುದುಕಪ್ಪ ತಲೆ ಕೆರೆದುಕೊಂಡು, 'ಅದನ್ನ ಗಂಜಿನಾಗ ಶಂಭುಲಿಂಗಪ್ಪ ಸಾವ್ಕಾರ್ರನ್ನ ಕೇಳು' ಎಂದ. ಬಂದವನು ನೆಟ್ಟಗೆ ಗಂಜಿಗೆ ಹೋದ. ಅಲ್ಲಿ ಶಂಭುಲಿಂಗಪ್ಪ, 'ಆ ಕುಂಟಿನ್ನೇನು ಕೇಳ್ತಿ, ನನ್ನ ಕೇಳು' ಎಂದು ತನಗೆ ತೋಚಿದ್ದನ್ನು ಹೇಳಿ ಕಳಿಸಿದ. ಇದನ್ನು ಕೇಳಿದ ಆದೆಮ್ಮ ನಕ್ಕಳೋ ಅತ್ತಳೋ ತಿಳಿಯದು. ನಬೀಸಾಬ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

ತಿರುಗಿ ಯಾಪಲದಿನ್ನಿಗೆ ಹೋದಳು. 'ತಾತ, ಬರೇ ಹೆಸರು ಹೇಳಿದ್ರ ಸಾಲಂಗಿಲ್ಲ. ನಾ ಎಲ್ಲಿ ಕುಂದರ್ತೀನಿ ಅನ್ನೋದೂ ನಿನ್ನ ಬಾಯಿಲೇ ಬರಬೇಕು. ಮಾನ್ವಿ ಬಸ್‌ಸ್ಟ್ಯಾಂಡ್ ಎದುರಿಗೆ, ಬೇವಿನ ಗಿಡ, ನಬೀಸಾಬನ ಸೈಕಲ್ ಅಂಗಡಿ ಬಾಜೂಕ. ಹೇಳು ನೋಡೋಣು' ಎಂದು ಶಾಲೆ ಹುಡುಗನಿಗೆ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದಳು. ಮುದುಕಪ್ಪ ಹೇಳಿದ. ಎರಡನೆಯ ಸಲ ಬೇವಿನ ಗಿಡ ಬಿಟ್ಟ. ಮತ್ತೆ ಹೇಳಿಸಿದಳು. ಇದಾದ ಮೇಲೆ ಮಾನ್ವಿಗೆ ಒಬ್ಬಿಬ್ಬರು ಬರತೊಡಗಿದರು.

ಬಂದವರು ಬಂದ ದಿನವೇ ಅವಳು ಜ್ವರ ಬಂದು ಮಲಗಿದ್ದರೆ? ಹಾಗೂ ಆಯಿತು. ಬೇವಿನ ಗಿಡದ ಕೆಳಗೆ ಯಾರೂ ಇಲ್ಲದ್ದು ನೋಡಿ ಅವರು ಮತ್ತೆ ಗಂಜಿಗೇ ಹೋದರು. ಒಂದು ಬಾಯಿ ಸಾಲದು, ಇನ್ನೊಂದು ಬೇಕು, ಅದೂ ಇನ್ನೊಂದು ಊರಲ್ಲಿ ಬೇಕು ಎಂದು ಆದೆಮ್ಮ ಜ್ವರದಲ್ಲಿ ಮಲಗಿದ್ದಾಗಲೇ ನಿರ್ಧರಿಸಿದಳು. ದೇವದುರ್ಗದಲ್ಲಿ ಉಮ್ಮೇ ಕುಲ್ಸುಮ್ ಇದ್ದಳು. ಬಸ್ಸು ನಿಲ್ಲುವ ಕಡೆ ಅವಳ ಚಾ ಅಂಗಡಿ. ಹಿಂಡು ಆ ಕಡೆ ಇದ್ದಾಗ ಆದೆಮ್ಮ ಅವಳಿಗೆ ಆಡಿನ ಹಾಲು ಹಾಕುತ್ತಿದ್ದಳು. ಆ ಹಳೆಯ ಸ್ನೇಹ. ಕುಲ್ಸುಮ್ ಆದೆಮ್ಮನಿಗಿಂತ ಒಂದು ಕೈ ಮೇಲು. ಗಿರಾಕಿ ಚಾ ತೆಳ್ಳಗಿದೆ ಎಂದರೆ ಬಟ್ಟಲನ್ನೇ ಕಸಿದುಕೊಳ್ಳುವವಳು. ಅತ್ತೆಯ ಸಾವಿನ ಕಥೆ ಕೇಳಿ, ಕುದಿಯುವ ಚಾ ಇಳಿಸುವುದನ್ನೂ ಮರೆತು, 'ಹಂಗಂದ್ನಾ ಅಂವ? ತೌಬಾ ತೌಬಾ! ಆದೆಮ್ಮಕ್ಕಾ, ನೀ ಹೇಳೋದು ಹೇಳು, ನಾ ಇಲ್ಲಿ ಕುಂತು ಇಡೀ ದುನಿಯಾಕ್ಕ ಹೇಳ್ತೀನಿ. ಅಂವ ಇಲ್ಲಿ ಬಂದ್ರ ಅವನಿಗೂ ಹೇಳ್ತೀನಿ' ಎಂದಳು.

ಇಬ್ಬರೂ ಒಂದೇ ಮಾತು ಹೇಳಬೇಕಲ್ಲ. ಅದಕ್ಕೆ ಕಂಡಕ್ಟರ್ ಯಂಕೋಬ ಸಿಕ್ಕ. ಮಾನ್ವಿ ದೇವದುರ್ಗದ ಬಸ್ಸಿನವನು, ಶೇಂಗಾಪ್ರಿಯ. ಸಂತೆಯ ಮರುದಿನ ಆದೆಮ್ಮ ಅವನಿಗೆ ಹಿಂಡುಗಳ ಜಾಗವನ್ನೆಲ್ಲ ಬಾಯಿಪಾಠ ಮಾಡಿಸುವುದು, ಅವನು ಅದನ್ನು ಕುಲ್ಸುಮಳಿಗೆ ಒಪ್ಪಿಸಿ ಚಾ ಕುಡಿಯುವುದು. ದೇವದುರ್ಗದ ಕಡೆಯ ಹಿಂಡುಗಳ ಸುದ್ದಿ ಅದೇ ದಾರಿಯಲ್ಲಿ ತಿರುಗಿ ಮಾನ್ವಿಗೆ. ಮುದುಕಪ್ಪನಿಗೆ ಈಗ ಎರಡು ಜಾಗ ಹೇಳಲು ಕಲಿಸಿದ್ದಾಯಿತು.

ಇಷ್ಟಾದರೂ ಜನ ಗಂಜಿಗೆ ಹೋಗುವುದು ನಿಲ್ಲಲಿಲ್ಲ. ಕಾಲುಗಳು ರೂಢಿಯಾದ ದಾರಿಯಲ್ಲೇ ನಡೆಯುತ್ತವೆ. ಕುರಿಯವರು ಶಂಭುಲಿಂಗಪ್ಪನಿಗೆ ತಿಳಿಸುವುದನ್ನು ಬಿಟ್ಟಿದ್ದರು, ಅವನಿಗೆ ಈಗ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡನೇ? ಇಲ್ಲ. ಹೋದ ವರ್ಷ ಎಲ್ಲಿದ್ದವೋ ಅಲ್ಲೇ ಇವೆ ಎಂದು ಗಂಟಲು ಸರಿಪಡಿಸಿಕೊಂಡು ಹೇಳುತ್ತಿದ್ದ. ಹೋದವರು ಬರಿ ಹೊಲ ನೋಡಿ ತಿರುಗಿ ಬರುತ್ತಿದ್ದರು. ಬಂದು ಬೈಯುತ್ತಿದ್ದುದು ಅವನನ್ನಲ್ಲ, 'ಈ ಕುರಿಯೋರದು ಒಂದು ನೆಲಿ ಇಲ್ಲ' ಎಂದು ಕುರಿಯವರನ್ನು. ಆದೆಮ್ಮನ ಸಿಟ್ಟಿಗೆ ಇದಕ್ಕಿಂತ ಬೇರೆ ಸೌದೆ ಬೇಕಿರಲಿಲ್ಲ.

ಆದರೆ ಎಂಬತ್ತರ ಬೇಸಿಗೆಯಲ್ಲಿ ತಪ್ಪಿದ್ದು ಆದೆಮ್ಮನದೇ ಏರ್ಪಾಡು.

ಆ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಅದೇ ಹೆಸರಿನ ಬೇರೆಯವರಿದ್ದರೆ ಅವರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಆದೆಮ್ಮನಿಗೆ ಇದನ್ನು ಕಲಿಸಿದವಳು ಅತ್ತೆ ಅಯ್ಯಮ್ಮನೇ, ಮದುವೆಯಾಗಿ ಬಂದ ಮೊದಲ ವಾರದಲ್ಲಿ, ಬಾಯಿಯ ಮೇಲೆ ಮೆಲ್ಲಗೆ ಒಂದೇಟು ಕೊಟ್ಟು. ಊರಿಗೆಲ್ಲ ಬಾಯಿ ಮಾಡುವ ಆದೆಮ್ಮ ಆ ಒಂದು ಹೆಸರಿನ ಮುಂದೆ ಮೂಕಿ. ಕಲ್ಮಲದ ಒಂದು ಹಿಂಡಿನವನೂ ಬೂದೆಪ್ಪನೇ. ಯಂಕೋಬನಿಗೆ ಬಾಯಿಪಾಠ ಮಾಡಿಸುವಾಗ ಮಿಕ್ಕವರನ್ನೆಲ್ಲ ಹೆಸರು ಹಿಡಿದು ಹೇಳಿ, ಈ ಎರಡು ಹಿಂಡು ಬಂದಾಗ 'ನಮ್ಮೋರು ಸಿರವಾರದ ಕಡಿ, ಕಲ್ಮಲದೋರು ಗಬ್ಬೂರ ಕಡಿ' ಎಂದು ಮುಗಿಸುತ್ತಿದ್ದಳು. ಕಲ್ಮಲದ ಹಿಂಡುಗಳು ಮೂರು ನಾಲ್ಕು. ಯಂಕೋಬನ ತಲೆಯಲ್ಲಿ ಹೆಸರಿದ್ದವು ಉಳಿದವು, ಹೆಸರಿಲ್ಲದವು ಕಲಸಿಹೋದವು.

ಕಲ್ಮಲದ ಬೂದೆಪ್ಪನ ಮಗಳು ಪಕೀರಮ್ಮಳಿಗೆ ವೀಳ್ಯ ಹಿಡಿದು ಮದುವೆ ಗೊತ್ತುಮಾಡಲು ಗಂಡಿನವರು ಬಂದಿದ್ದರು. ಅಪ್ಪನನ್ನು ಕರೆತರಲು ಸೋದರಮಾವ ದೇವದುರ್ಗಕ್ಕೆ ಓಡಿ ಕುಲ್ಸುಮಳನ್ನು ಕೇಳಿದ. ಬೂದೆಪ್ಪನ ಹಿಂಡು ಎಂದೊಡನೆ ಅವಳಿಗೆ ಹೊಳೆದದ್ದು ಆದೆಮ್ಮನ ಗಂಡನೇ, ಕಲ್ಮಲದಲ್ಲೂ ಒಬ್ಬ ಬೂದೆಪ್ಪ ಇದ್ದಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಂಕೋಬ ಹೇಳಿದ್ದನ್ನು ನೆನೆದು ಸಿರವಾರದ ಕಡೆ ಕಳಿಸಿದಳು. ಅವನು ದಿನವಿಡೀ ಅಲೆದು ಕೊನೆಗೆ ತಲುಪಿದ್ದು ಆದೆಮ್ಮನ ಗಂಡನ ಮುಂದೆ. ಅತ್ತ ಗಂಡಿನವರು ಸಂಜೆಯವರೆಗೆ ಕೂತು, ಅಪ್ಪನಿಲ್ಲದ ಮನೆಯಲ್ಲಿ ವೀಳ್ಯ ಹೇಗೆ ಹಿಡಿಯುವುದೆಂದು ಎದ್ದು ಹೋದರು. ಸಂಬಂಧ ಮುರಿಯಿತು. ಆದೆಮ್ಮ ಕಲ್ಮಲಕ್ಕೆ ಹೋಗಿ ಆ ಹುಡುಗಿಯ ಮುಂದೆ ಕೂತು ಕಣ್ಣೀರು ಹಾಕಿ ಬಂದಳು. ತನ್ನ ತವರೂರಿನ ಹುಡುಗಿ, ತಾನು ಎತ್ತಿ ಆಡಿಸಿದವಳು.

ಕಾರಹುಣ್ಣಿಮೆಗೆ ಎಲ್ಲ ಹಿಂಡು ತಿರುಗಿದಾಗ ಯಾಪಲದಿನ್ನಿಯ ಬೀರಪ್ಪನ ಗುಡಿಯ ಮುಂದೆ ಪಂಚಾಯ್ತಿ ಸೇರಿತು. ಕಲ್ಮಲದ ಕುರಿಯವರೂ ಬಂದರು. ಇನ್ನು ಮುಂದೆ ಹಿಂಡಿನ ಸುದ್ದಿ ಯಾರನ್ನು ಕೇಳುವುದು ಎಂಬುದನ್ನು ಅವತ್ತು ಒಮ್ಮೆಗೆ ತೀರ್ಮಾನಿಸಬೇಕಿತ್ತು. ಶಂಭುಲಿಂಗಪ್ಪನನ್ನು ಯಾರೂ ಕರೆದಿರಲಿಲ್ಲ, ಜೀಪು ಮಾಡಿಕೊಂಡು ತಾನೇ ಬಂದ. ಬಂದವನಿಗೆ ಇವರೇ ಎದ್ದು ಕಂಬಳಿ ಹಾಸಿ ಕೂರಿಸಿದರು. ಆದೆಮ್ಮ ಹಿಂದೆ ಹೆಂಗಸರ ಸಾಲಿನಲ್ಲಿ ಕೂತು ಅದನ್ನು ನೋಡಿ ಹಲ್ಲು ಕಡಿದಳು. ಕುಲ್ಸುಮ್ ಬಂದಿರಲಿಲ್ಲ. ಬಂದಿದ್ದರೆ ಆ ಕಂಬಳಿ ಅಲ್ಲೇ ಚಿಂದಿಯಾಗುತ್ತಿತ್ತು.

ಶಂಭುಲಿಂಗಪ್ಪ ಗಂಟಲು ಸರಿಪಡಿಸಿಕೊಂಡ. 'ನೋಡ್ರಪ್ಪಾ, ನಮ್ಮಪ್ಪನ ಕಾಲದಿಂದ ನಿಮ್ಮ ಸುದ್ದಿ ನಮ್ಮ ಅಂಗಡ್ಯಾಗ ಅದ. ಒಂದು ಹುಡುಗಿ ಲಗ್ನ ಕೆಟ್ಟಿದ್ದು ಅದ್ಯಾ ಆವಾಗ? ಈಗ ಕೆಟ್ಟತು. ಯಾಕ ಕೆಟ್ಟತು? ಗಂಡನ ಹೆಸರು ಹೇಳಾಕ ಬಾಯಿ ಬರದಾಕಿ ಊರಾಗಿನ ಗಂಡಸರ ಹೆಸರೆಲ್ಲಾ ಹೇಳ್ತೀನಂತ ಕುಂತಾಳ.' ಎಂದು ನಕ್ಕ. ಗಂಡಸರೆಲ್ಲ ನಕ್ಕರು. ಹೆಂಗಸರಲ್ಲೂ ಕೆಲವರು ಸೆರಗು ಅಡ್ಡ ಹಿಡಿದು ನಕ್ಕರು. ಕಂಬದ ಪಕ್ಕದಲ್ಲಿ ಕೂತಿದ್ದ ಅವಳ ಗಂಡ ಬೂದೆಪ್ಪ ತಲೆ ತಗ್ಗಿಸಿದ.

ಮುದುಕಪ್ಪ ನಗಲಿಲ್ಲ, ಆದರೆ ಅವನ ಮುಖ ನೋಡಿದರೆ ಮನಸ್ಸು ಎತ್ತ ವಾಲಿದೆ ಎಂದು ತಿಳಿಯುತ್ತಿತ್ತು. 'ಆದೆಮ್ಮವ್ವಾ, ಸಾವ್ಕಾರ್ರು ಹೇಳೋದ್ರಾಗ ತಪ್ಪಿಲ್ಲ. ಹೆಸರು ಹೇಳಾಕ ಬರದ ಮ್ಯಾಲ ಈ ಕೆಲಸ ಹ್ಯಾಂಗ ಮಾಡ್ತಿ? ಬಿಟ್ಟುಬಿಡವ್ವಾ' ಎಂದ.

ಆದೆಮ್ಮ ಎದ್ದಳು. ಆ ಹೆಸರು ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. ಹೇಳಿದರೆ ಅವನಿಗೇನಾದರೂ ಆದರೆ? ಅಂಥ ಭಯ ಅವಳಿಗೆ ಕಾಲುವೆಗೆ ಬಿದ್ದಾಗಲೂ ಆಗಿರಲಿಲ್ಲ. ಆದರೆ ಕಂಬಳಿಯ ಮೇಲೆ ಆ ನಗು ಇನ್ನೂ ನಡೆದೇ ಇತ್ತು. ಹೆಸರು ಹೇಳಿದರೆ ಆಯುಷ್ಯ ಹೋಗುತ್ತದಂತೆ, ಹೇಳಬೇಕಾದ್ದನ್ನು ಹೇಳದೆ ಬಾಯಿ ಮುಚ್ಚಿಕೊಂಡು ಒಂದು ಮನೆಯನ್ನೇ ಹಾಳು ಮಾಡಿದ ಇವನಿಗೆ ಏನು ಹೋಯಿತು? ಅವಳು ಗಂಡಸರ ಸಾಲನ್ನು ದಾಟಿ ನಡುವೆ ಬಂದು ನಿಂತಳು. ಊರ ಹೊರಗಿನ ಹೊಲಕ್ಕೆ ಕೇಳಿಸುವಂತೆ ಕೂಗಿದಳು.

'ಬೂದೆಪ್ಪಾ! ಯಾಪಲದಿನ್ನಿ ಬೂದೆಪ್ಪಾ!'

ಹೆಂಗಸರ ಕಡೆಯಿಂದ 'ಯವ್ವಾ!' ಎಂದು ಉದ್ಗಾರ ಬಂತು. ಯಾರೋ ಮುದುಕಿ ಕಿವಿ ಮುಚ್ಚಿಕೊಂಡಳು. ಕಂಬದ ಪಕ್ಕದಲ್ಲಿದ್ದ ಬೂದೆಪ್ಪ ಬೆಚ್ಚಿ, ಯಾರು ಕರೆದರೆಂದು ತಿಳಿಯುವ ಮೊದಲೇ, 'ಓ' ಎಂದ.

'ಬೂದೆಪ್ಪಾ, ನಿಮ್ಮವ್ವ ಅಯ್ಯಮ್ಮ ತೀರಿಕೊಂಡಾಳ. ಹಿಂಡು ಮಸರಕಲ್‌ದಾಗ ಬಿಟ್ಟು ಜಲ್ದಿ ಬಾ. ಮಣ್ಣಿಗೆ ಊರೆಲ್ಲ ನಿನ್ನ ದಾರಿ ಕಾಯಾಕತ್ತೇತಿ.'

ಮೂರು ವರ್ಷದ ಹಿಂದೆ ಅವನಿಗೆ ಮುಟ್ಟಬೇಕಾಗಿದ್ದ ಮಾತು ಅದು. ಹನುಮಂತ್ರಾಯ ಮುಖ ಆ ಕಡೆ ತಿರುಗಿಸಿಕೊಂಡ. ಬೂದೆಪ್ಪ ಹೆಂಡತಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಆ ಗಟ್ಟಿ ಮನುಷ್ಯ ಬಾಯಿ ತೆರೆದು, 'ಯವ್ವಾ' ಎಂದು ಅಳಲು ಶುರುಮಾಡಿದ, ಅಂದೇ ಸತ್ತಿದ್ದಾಳೇನೋ ಎಂಬಂತೆ.

ಅಳುತ್ತಲೇ ಎದ್ದು, ರುಮಾಲು ಕೈಗೆ ತೆಗೆದುಕೊಂಡು ಹಳ್ಳದ ಕಡೆ, ಅಯ್ಯಮ್ಮನನ್ನು ಮಣ್ಣು ಮಾಡಿದ ಕಡೆ ನಡೆದ. ಹನುಮಂತ್ರಾಯ ಅವನ ಹಿಂದೆ ಎದ್ದ. ಕಲ್ಮಲದ ಬೂದೆಪ್ಪ ಎದ್ದ. ಒಬ್ಬೊಬ್ಬರಾಗಿ ಗಂಡಸರು, ಅವರ ಹಿಂದೆ ಹೆಂಗಸರು, ಹೆಣದ ಹಿಂದೆ ಹೋಗುವಂತೆಯೇ ಹೊರಟರು. ಆದೆಮ್ಮ ಕಾಲು ಎಳೆಯುತ್ತ ಎಲ್ಲರಿಗಿಂತ ಹಿಂದೆ.

ಕೊನೆಗೆ ಎದ್ದ ಮುದುಕಪ್ಪ, ಕಂಬಳಿಯ ಮೇಲೆ ಒಬ್ಬನೇ ಉಳಿದಿದ್ದ ಶಂಭುಲಿಂಗಪ್ಪನ ಹತ್ತಿರ ಒಂದು ಗಳಿಗೆ ನಿಂತ.

'ಏಳ್ರಿ ಸಾವ್ಕಾರ್ರ, ಕಂಬಳಿ ಮಡಚಬೇಕು' ಎಂದ. 'ಇನ್ನ ಮ್ಯಾಲ ಕೇಳಾಕ ಬಂದೋರನ್ನ ಮಾನ್ವಿಗೆ ಕಳಸ್ತೀನಿ. ನಾವು ಮಣ್ಣಿಗೆ ಹೋಗಬೇಕು, ಹೊತ್ತಾಗ್ಯಾದ.'